ಇಂಗ್ಲಿಷ್ ಪ್ರಾಸದ ಪಟ್ಟಿ: ಇಲ್ಲಿವರೆಗೆ ಆದದ್ದು

ಏಪ್ರಿಲ್‌ನಲ್ಲಿ ಶುರು ಮಾಡಿದ ಕೆಲಸ ಇದು. ಆಗ ರಜೆಗೆ ಊರಿಗೆ ಬಂದಿದ್ದ ಅಣ್ಣನ ಮಗಳು "ಅತ್ತೆ, ಲವ್‌ಗೆ ರೈಮ್ ಆಗೋ ಶಬ್ದ ಹೇಳು" ಅಂತ ಪಟ್ಟಿ ಹಿಡಿದು ಬಂದಳು. ಅದರಲ್ಲಿ ಅವಳೇ ಆಗಲೇ 'ಮೂವ್' ಅಂತ ಬರೆದಿದ್ದಳು. ಎರಡಕ್ಕೂ ಕೊನೆಗೆ ಓ, ವಿ, ಇ ಇದೆ, ಮತ್ತೆ ಯಾಕೆ ತಪ್ಪು ಅನ್ನೋದು ಅವಳ ಪ್ರಶ್ನೆ. ಒಳ್ಳೆ ಪ್ರಶ್ನೆಯೇ. ಹಳೇ ಇಂಗ್ಲಿಷ್ ಕವಿತೆಗಳಲ್ಲೂ ಲವ್‌ಗೆ ಪ್ರೂವ್ ಜೋಡಿ ಮಾಡಿದ್ದು ಸಿಗುತ್ತದೆ. ಆದರೆ ಇವತ್ತಿನ ಬಾಯಲ್ಲಿ ಲವ್ ಬೇರೆ, ಮೂವ್ ಬೇರೆ.

ಹಾಗಾದರೆ ಸ್ಪೆಲಿಂಗನ್ನೇ ಪಕ್ಕಕ್ಕೆ ಇಡೋಣ ಅಂತ ಒಂದು ದಪ್ಪ ನೋಟ್‌ಬುಕ್ ತಂದು ಇಂಗ್ಲಿಷ್ ಶಬ್ದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆಯತೊಡಗಿದೆ. ಮೊದಲ ವಾರ ಎಷ್ಟು ಖುಷಿಯಾಯಿತು ಅಂದರೆ, ಥ್ರೂ, ಬ್ಲೂ, ಶೂ, ಟೂ, ಕ್ಯೂ ಇವೆಲ್ಲ ಇಂಗ್ಲಿಷಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತವಲ್ಲ, ಕನ್ನಡದಲ್ಲಿ ಬರೆದ ಕೂಡಲೇ ಅಣ್ಣತಮ್ಮಂದಿರ ಹಾಗೆ ಸಾಲಾಗಿ ನಿಂತವು. ಉಲ್ಟಾನೂ ಅಷ್ಟೇ. ಓ-ಯು-ಜಿ-ಎಚ್ ಅಂತ ಮುಗಿಯುವ ಕಾಫ್, ರಫ್, ದೋ, ಬೌ, ಥ್ರೂ ಐದೂ ಐದು ಕಡೆ ಹೋದವು. ನಮ್ಮ ಲಿಪಿಯೇ ಸಾಕು, ಬೇರೇನೂ ಬೇಡ ಅಂದುಕೊಂಡೆ.

ಸಾಕಾಗಲಿಲ್ಲ. ಅಕ್ಕಿಗೂ ರೈಸ್, ಏಳುವುದಕ್ಕೂ ರೈಸ್ ಅಂತಲೇ ಬರೆದಿದ್ದೆ. ಮೊದಲನೆಯದರ ಕೊನೆಗೆ ಸ, ಎರಡನೆಯದರ ಕೊನೆಗೆ ಝಡ್‌ನ ಸದ್ದು. ಎರಡೂ ಪ್ರಾಸ ಅಲ್ಲ. ಇದಕ್ಕೆ ಅಕ್ಷರದ ಕೆಳಗೆ ಚುಕ್ಕಿ ಇಟ್ಟು ದಾರಿ ಮಾಡಿಕೊಂಡೆ.

ಎರಡನೇ ತೊಡಕು ಮಾತ್ರ ನನಗೆ ಹೊಳೆದದ್ದಲ್ಲ, ಆಯಿ ಹಿಡಿದದ್ದು. ಮೇ ತಿಂಗಳ ಒಂದು ಮಧ್ಯಾಹ್ನ ಆಯಿ ಹಲಸಿನ ಹಪ್ಪಳ ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಮಾಡಿ ಕೊಡುತ್ತಾ, ಮೊಬೈಲಲ್ಲಿ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಜೋಡಿ ಜೋಡಿಯಾಗಿ ಶಬ್ದ ಕೇಳಿಸುತ್ತಿದ್ದೆ. ಆಯಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮದುವೆ ಹಾಡು, ಹಸೆ ಹಾಡು ಎಲ್ಲ ಬಾಯಿಪಾಠ. ನೈಟ್, ಲೈಟ್ ಅಂದರೆ ತಲೆದೂಗಿದಳು. ಬಿಗಿನ್, ಕ್ಯಾಬಿನ್ ಬಂದಾಗ ಕೈ ನಿಲ್ಲಿಸಿ, "ಕೂಸೇ, ಇದು ಹೊಂದ್ತಿಲ್ಲೆ. ಒಂದ್ರ ಬಾಲ ಎದ್ದು ನಿಂತಿದ್ದು, ಇನ್ನೊಂದ್ರ ಬಾಲ ಬಿದ್ಹೋತು" ಅಂದಳು. ನನ್ನ ಪಟ್ಟಿಯಲ್ಲಿ ಎರಡೂ 'ಇನ್' ಅನ್ನೋ ಪುಟದಲ್ಲಿ ಒಟ್ಟಿಗೆ ಇದ್ದವು. ಮತ್ತೆ ನಾಲ್ಕು ಸಲ ಕೇಳಿಸಿಕೊಂಡೆ. ಹೌದು, ಬಿಗಿನ್‌ನಲ್ಲಿ ಒತ್ತು, ಅಂದರೆ ಹೇಳುವಾಗ ದನಿ ಜೋರಾಗುವ ಜಾಗ, ಕೊನೆಗೆ ಬೀಳುತ್ತದೆ, ಕ್ಯಾಬಿನ್‌ನಲ್ಲಿ ಮೊದಲಿಗೆ. ಕನ್ನಡದಲ್ಲಿ ಒತ್ತು ಬದಲಾದರೆ ಶಬ್ದವೇನೂ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಲಿಪಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಇಂಗ್ಲಿಷ್ ಪ್ರಾಸ ನಿಂತಿರುವುದೇ ಅದರ ಮೇಲೆ. ಕೊನೆಯ ಒತ್ತಿನ ಸ್ವರದಿಂದ ಹಿಡಿದು ಶಬ್ದ ಮುಗಿಯುವವರೆಗೆ ಎಲ್ಲ ಸದ್ದೂ ಒಂದೇ ಇರಬೇಕು, ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆ ಇರಬೇಕು.

ಆವತ್ತೇ ನೋಟ್‌ಬುಕ್ ಮುಚ್ಚಿ ಕಂಪ್ಯೂಟರಿಗೆ ಹೋದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣೆ ನಿಘಂಟು ಪುಕ್ಕಟೆ ಸಿಗುತ್ತದೆ. 1,34,000ಕ್ಕೂ ಜಾಸ್ತಿ ಶಬ್ದ, ಎಲ್ಲವನ್ನೂ 39 ಸದ್ದುಗಳಲ್ಲಿ ಬಿಡಿಸಿ ಬರೆದಿದ್ದಾರೆ. ನನಗೆ ಬೇಕಾದದ್ದು ಪ್ರತಿ ಸ್ವರದ ಮುಂದೆ ಇರುವ ಅಂಕಿ: 1 ಅಂದರೆ ಪೂರ್ತಿ ಒತ್ತು, 2 ಅಂದರೆ ಅರ್ಧ, 0 ಅಂದರೆ ಇಲ್ಲ. ಆಯಿ ಹೇಳಿದ ಬಾಲ ಇದೇ.

ಪ್ರಾಸದ ಶಬ್ದಗಳನ್ನು ರಾಶಿ ರಾಶಿಯಾಗಿ ಒಟ್ಟು ಮಾಡಲಿಕ್ಕೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಹನ್ನೆರಡು ಸಾಲು ಬರೆದೆ. ಅವಸರದಲ್ಲಿ ಕೊನೆಯ ಒತ್ತಿನ ಸ್ವರದ ಬದಲು ಸುಮ್ನೆ ಕೊನೆಯ ಸ್ವರವನ್ನೇ ಹಿಡಿದಿದ್ದೆ, ಅದಕ್ಕೇ ಸಿಟಿ, ಹ್ಯಾಪಿ, ಕಾಫಿ ಎಲ್ಲ ಒಂದೇ ರಾಶಿಗೆ ಬಿದ್ದವು. ಸರಿ ಮಾಡಿದ ಮೇಲೆ ಸಿಟಿಗೆ ಪಿಟಿ, ಹ್ಯಾಪಿಗೆ ಸ್ನ್ಯಾಪಿ ಸಿಕ್ಕಿದವು. 'ರೈಟ್' ರಾಶಿಯಲ್ಲಿ ಇನ್ನೊಂದು ಗೋಳು. ಸರಿ ಅನ್ನುವ ರೈಟ್, ಬರೆಯುವ ರೈಟ್, ವಿಧಿ ಅನ್ನುವ ರೈಟ್, ಮೂರೂ ಸದ್ದಿನಲ್ಲಿ ಒಂದೇ ಆದ್ದರಿಂದ ತಮ್ಮತಮ್ಮಲ್ಲಿ ಪ್ರಾಸವಲ್ಲ. ಹಿಂದಿನ ವ್ಯಂಜನವನ್ನೂ ಹೋಲಿಸಿ ನೋಡುವ ಎರಡು ಸಾಲು ಸೇರಿಸಿದೆ.

ಒಂದು ವಿಷಯ ಗಮನದಲ್ಲಿ ಇಡಬೇಕು, ಇದು ಅಮೆರಿಕದ ಉಚ್ಚಾರ. ಲಂಡನ್ ಕಡೆಯವರು ಶಬ್ದದ ಕೊನೆಯ ರ ನುಂಗಿ ಬಿಡುವುದರಿಂದ ಅವರಿಗೆ ಲಾ ಮತ್ತು ಮೋರ್ ಪ್ರಾಸವೇ ಆಗುತ್ತವೆ. ನಮಗೆ ಶಿರಸಿಯಲ್ಲಿ ಆಗುವುದಿಲ್ಲ. ನಾವು ರ ಬಿಡುವವರೇ ಅಲ್ಲ.

ಜೋಡಿ ಸಿಗದ ಶಬ್ದಗಳಿಗೆ ಬೇರೆಯೇ ಒಂದು ಪುಟ ಇಟ್ಟಿದ್ದೇನೆ, ನನಗೆ ತೀರಾ ಇಷ್ಟವಾದ ಪುಟ ಅದು. ಮಂತ್ ಒಂಟಿ. ಸಿಲ್ವರ್‌ಗೆ ಚಿಲ್ವರ್ ಇದೆ, ಹೆಣ್ಣು ಕುರಿಮರಿ ಅಂತ ಅರ್ಥ. ಆರೆಂಜ್‌ಗೆ ವೇಲ್ಸ್‌ನಲ್ಲಿ ಬ್ಲಾರೆಂಜ್ ಅನ್ನೋ ಗುಡ್ಡವೇ ಬೇಕಾಯಿತು.

ಕನ್ನಡದಲ್ಲಿ ಇಂಥ ಪಾಡಿಲ್ಲ. 'ಅಲ್ಲಿ' ಹಚ್ಚಿದರೆ ತೋಟದಲ್ಲಿ, ಅಂಗಳದಲ್ಲಿ, ಮಳೆಯಲ್ಲಿ, ಎಷ್ಟು ಬೇಕೋ ಅಷ್ಟು. ಹಳಗನ್ನಡದ ಕವಿಗಳು ಕೊನೆ ಬಿಟ್ಟು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹಿಡಿದರಲ್ಲ, ಅಲ್ಲಿ ಪ್ರತ್ಯಯದ ಸಹಾಯ ಸಿಗುವುದಿಲ್ಲ, ಶಬ್ದ ಹುಡುಕಲೇಬೇಕು. ಕೊನೆಯಲ್ಲಿ ಪ್ರಾಸ ಇಟ್ಟೂ ಸಪ್ಪೆ ಆಗದ ಹಾಗೆ ಬರೆಯುವುದು ಹೇಗೆ ಅಂತ ನೋಡಬೇಕಾದರೆ ನಮ್ಮ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕಗಳಿವೆ. ನಾಲ್ಕೇ ಸಾಲು, ಎರಡೆರಡು ಸಾಲಿಗೆ ಒಂದು ಪ್ರಾಸ. ಈ ಪಟ್ಟಿ ಮಾಡುವಾಗ ಅವನ್ನು ಮತ್ತೆ ಓದಿದೆ, ಪ್ರಾಸದ ಶಬ್ದವೇ ಮಾತಿನ ಮೊನೆ ಆಗಿರುತ್ತದೆ.

ಈಗ ಮಳೆ ಹಿಡಿದಿದೆ, ಕರೆಂಟ್ ಇದ್ದಾಗ ಮಾತ್ರ ಕೆಲಸ. ಮಕ್ಕಳಿಗೆ ಗೊತ್ತಿರುವ ಶಬ್ದಗಳನ್ನಷ್ಟೇ ಆರಿಸಿ ಕನ್ನಡ ಉಚ್ಚಾರ, ಚುಕ್ಕಿ, ಒತ್ತಿನ ಗೆರೆ ಸಮೇತ ಕಾರ್ಡು ಮಾಡುತ್ತಿದ್ದೇನೆ. ಮೊದಲ ಕಾರ್ಡು ಲವ್‌ನದೇ. ಅಬವ್, ಡವ್, ಗ್ಲವ್, ಶವ್. ಇಷ್ಟು ದೊಡ್ಡ ಶಬ್ದಕ್ಕೆ ದಿನಬಳಕೆಯಲ್ಲಿ ಸಿಕ್ಕ ಜೋಡಿ ಇಷ್ಟೇ. ಚೌತಿಗೆ ಅಣ್ಣನ ಮಗಳು ಬರುವಷ್ಟರಲ್ಲಿ ಐವತ್ತು ಕಾರ್ಡು ಆಗಬೇಕು, ಮೂವತ್ತೊಂದು ಆಗಿವೆ.