ಕಂಡೆನ್ಸರ್ ಕಲಿಸಿದ ಪಾಠ

ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಸೆಂಟ್ರಿಫ್ಯೂಜ್ ಮಾಡಿದ ಮೂತ್ರದ ಗಸಿಯೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ‘ಕಾಸ್ಟ್‌ಗಳು ಕಂಡುಬಂದಿಲ್ಲ’ ಎಂದು ಬರೆದಿದ್ದೆ. ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಅಚ್ಚಿನಂತೆ ರೂಪುಗೊಂಡು ಮೂತ್ರದಲ್ಲಿ ಬರುವ ಕಡ್ಡಿಯಾಕಾರದ ಕಣಗಳಿಗೆ ಆ ಹೆಸರು. ವರದಿ ಹೊರಹೋಗುವ ಮೊದಲು ಅದೇ ಸ್ಲೈಡನ್ನು ನೋಡಿದ ಹಿರಿಯ ತಂತ್ರಜ್ಞರು ಏನನ್ನೂ ಹೇಳದೆ ಕಂಡೆನ್ಸರಿನ (ಸ್ಲೈಡಿನ ಕೆಳಗಿದ್ದು ಬೆಳಕನ್ನು ಅದರ ಮೇಲೆ ಕೇಂದ್ರೀಕರಿಸುವ ಮಸೂರ) ಐರಿಸ್ ಡಯಾಫ್ರಮನ್ನು, ಅಂದರೆ ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಕಿಂಡಿಯನ್ನು, ನಿಧಾನವಾಗಿ ಕಿರಿದುಮಾಡಿ, ‘ಈಗ ನೋಡಿ’ ಎಂದರು. ನಾನು ಖಾಲಿಯೆಂದು ತಿಳಿದಿದ್ದ ಜಾಗದಲ್ಲಿ ಗಾಜಿನ ಕಡ್ಡಿಗಳಂತಹ ಮೂರು ನಾಲ್ಕು ಹಯಲೈನ್ (ಪಾರದರ್ಶಕ) ಕಾಸ್ಟ್‌ಗಳಿದ್ದವು. ಅವುಗಳ ವಕ್ರೀಭವನ ಸೂಚ್ಯಂಕವು (ಬೆಳಕನ್ನು ಬಾಗಿಸುವ ಪ್ರಮಾಣ) ಸುತ್ತಲಿನ ದ್ರವದ ಸೂಚ್ಯಂಕಕ್ಕೆ ಬಹಳ ಹತ್ತಿರವಿರುವುದರಿಂದ, ಐರಿಸ್ ಪೂರ್ತಿ ತೆರೆದಿದ್ದಾಗ ಅವು ಬೆಳಕಿನಲ್ಲಿ ಕರಗಿಹೋಗುತ್ತವೆ.

ಅಲ್ಲಿಯವರೆಗೆ ನನಗೆ ಸೂಕ್ಷ್ಮದರ್ಶಕವೆಂದರೆ ವರ್ಧನೆ ಮಾತ್ರವಾಗಿತ್ತು. ಕಾಣದಿದ್ದರೆ ಇನ್ನೂ ದೊಡ್ಡ ಆಬ್ಜೆಕ್ಟಿವ್ (ಸ್ಲೈಡಿನ ಕಡೆಗಿರುವ, ವರ್ಧಿಸುವ ಮಸೂರ) ತಿರುಗಿಸುವುದೇ ಉಪಾಯವೆಂದು ನಂಬಿದ್ದೆ. ಆದರೆ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸುವ ಸಾಮರ್ಥ್ಯವು ಬೆಳಕಿನ ತರಂಗಾಂತರ ಮತ್ತು ಮಸೂರದ ನ್ಯೂಮರಿಕಲ್ ಅಪರ್ಚರನ್ನು (ಅದು ಎಷ್ಟು ಅಗಲವಾದ ಕೋನದ ಬೆಳಕನ್ನು ಹಿಡಿಯಬಲ್ಲದೆಂಬ ಅಳತೆ) ಅವಲಂಬಿಸಿದೆ ಎಂಬುದನ್ನು ಅರ್ನ್‌ಸ್ಟ್ ಅಬ್ಬೆ 1873ರಲ್ಲಿಯೇ ತೋರಿಸಿದ್ದರು. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಈ ಮಿತಿ ಸುಮಾರು 0.2 ಮೈಕ್ರೋಮೀಟರ್. ಅಪರ್ಚರ್ 1.25 ಇರುವ ಮಸೂರದಲ್ಲಿ ಸುಮಾರು 1250 ಪಟ್ಟಿಗಿಂತ ಹೆಚ್ಚು ವರ್ಧಿಸಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ಐರಿಸನ್ನು ಕಿರಿದುಮಾಡುವುದೇ ಸರಿಯಾದ ಕ್ರಮವೆಂದು ಆ ದಿನ ನಾನು ತಿಳಿದುಕೊಂಡದ್ದು ಮತ್ತೊಂದು ತಪ್ಪಿಗೆ ದಾರಿಯಾಯಿತು. ಬಣ್ಣ ಹಾಕಿದ ರಕ್ತದ ಲೇಪವನ್ನು 100 ಪಟ್ಟು ವರ್ಧಿಸುವ, ಸ್ಲೈಡಿಗೆ ಎಣ್ಣೆ ಹಾಕಿ ಬಳಸುವ ಆಬ್ಜೆಕ್ಟಿವಿನಲ್ಲಿ ನೋಡುವಾಗಲೂ ಹಾಗೆಯೇ ಮಾಡಿ, ಕಣಗಳ ಅಂಚಿನಲ್ಲಿ ಕಪ್ಪು ಗೆರೆಗಳನ್ನು ಕಂಡು ಕಂಗೆಟ್ಟಿದ್ದೆ. ಇಲ್ಲಿ ಬಣ್ಣವೇ ವ್ಯತ್ಯಾಸವನ್ನು ತೋರಿಸುತ್ತದೆ. ಬೇಕಾದದ್ದು ಪೃಥಕ್ಕರಣ ಸಾಮರ್ಥ್ಯ, ಅಂದರೆ ಹತ್ತಿರದ ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸುವ ಶಕ್ತಿ; ಐರಿಸ್ ಕಿರಿದಾದಷ್ಟೂ ಅದು ಕುಗ್ಗುತ್ತದೆ. ಆದ್ದರಿಂದ ಕಂಡೆನ್ಸರನ್ನು ಮೇಲಕ್ಕೇರಿಸಿ, ಐರಿಸನ್ನು ಅಗಲವಾಗಿ ತೆರೆಯಬೇಕು. ಸುಮಾರು 1.515 ಸೂಚ್ಯಂಕದ ಎಣ್ಣೆಯು ಗಾಜಿಗೆ ಸಮನಾಗಿರುವುದರಿಂದ, ನಡುವೆ ಗಾಳಿಯಿದ್ದರೆ ಬಾಗಿ ತಪ್ಪಿಹೋಗುವ ಕಿರಣಗಳೂ ಮಸೂರವನ್ನು ಸೇರುತ್ತವೆ. ಎಣ್ಣೆ ಹಾಕಿದ ಸ್ಲೈಡಿನ ಮೇಲೆ 40ರ ಒಣ ಆಬ್ಜೆಕ್ಟಿವನ್ನು ಮತ್ತೆ ತಿರುಗಿಸಬಾರದು. ‘40ರಲ್ಲಿ ಎಲ್ಲವೂ ಮಂಜು’ ಎಂಬ ದೂರು ಬಂದಾಗಲೆಲ್ಲ ನಾನು ಮೊದಲು ನೋಡುವುದು ಅದರ ಮುಂದಿನ ಮಸೂರಕ್ಕೆ ಎಣ್ಣೆ ಅಂಟಿದೆಯೇ ಎಂಬುದನ್ನು. ಎರಡನೆಯದಾಗಿ, ಸ್ಲೈಡ್ ತಲೆಕೆಳಗಾಗಿದೆಯೇ ಎಂದು ನೋಡುತ್ತೇನೆ: ಈ ಆಬ್ಜೆಕ್ಟಿವ್ ಸಾಮಾನ್ಯವಾಗಿ 0.17 ಮಿಲಿಮೀಟರ್ ದಪ್ಪದ ಕವರ್ ಸ್ಲಿಪ್‌ಗೆಂದು ತಯಾರಾಗಿರುತ್ತದೆ, ಸುಮಾರು ಒಂದು ಮಿಲಿಮೀಟರ್ ದಪ್ಪದ ಸ್ಲೈಡಿನ ಮೂಲಕ ಅದು ಸ್ಪಷ್ಟ ಚಿತ್ರ ಕೊಡಲಾರದು.

ಬಣ್ಣವಿಲ್ಲದ ಜೀವಂತ ಕೋಶಗಳನ್ನು ಐರಿಸ್ ಮುಚ್ಚಿ ನೋಡುವುದು ಒಂದು ರಾಜಿ; ಸ್ಪಷ್ಟತೆಯನ್ನು ಬಿಟ್ಟುಕೊಟ್ಟು ಕಾಣುವಿಕೆಯನ್ನು ಪಡೆಯುತ್ತೇವೆ. ಈ ರಾಜಿಯನ್ನು ತಪ್ಪಿಸಿದ್ದು ಫ್ರಿಟ್ಸ್ ಜೆರ್ನಿಕೆ ಅವರ ಫೇಸ್ ಕಾಂಟ್ರಾಸ್ಟ್ ವಿಧಾನ. ಕೋಶದ ಮೂಲಕ ಹಾದುಬರುವ ಬೆಳಕಿನ ತರಂಗದ ಸಣ್ಣ ವಿಳಂಬವನ್ನು ಅದು ಬೆಳಕು-ನೆರಳಿನ ವ್ಯತ್ಯಾಸವಾಗಿ ತೋರಿಸುತ್ತದೆ. ಅದಕ್ಕೆ 1953ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಕಂಡೆನ್ಸರಿನ ಉಂಗುರವು ಆಬ್ಜೆಕ್ಟಿವಿನೊಳಗಿನ ಉಂಗುರದ ಮೇಲೆ ಸರಿಯಾಗಿ ಕೂರದಿದ್ದರೆ ಆ ಉಪಕರಣದಿಂದ ಪ್ರಯೋಜನವಿಲ್ಲ.

ಉಳಿದವುಗಳ ಆಯ್ಕೆ ಅಷ್ಟು ತೊಡಕಿನದಲ್ಲ. ಕೀಟ, ಬೀಜಗಳಂತಹ ಇಡೀ ವಸ್ತುಗಳಿಗೆ ಸ್ಟೀರಿಯೊ, ಫ್ಲಾಸ್ಕಿನ ತಳದಲ್ಲಿ ಬೆಳೆಯುವ ಕೋಶಗಳಿಗೆ ಕೆಳಗಿನಿಂದ ನೋಡುವ ಇನ್ವರ್ಟೆಡ್ ಸೂಕ್ಷ್ಮದರ್ಶಕ. ಕ್ಷಯದ ಬ್ಯಾಸಿಲಸ್‌ಗಳನ್ನು ಆರಮೈನ್ ಎಂಬ ಹೊಳೆಯುವ ಬಣ್ಣ ಹಾಕಿ ಫ್ಲೋರೆಸೆನ್ಸ್‌ನಲ್ಲಿ ನೋಡಿದರೆ ಕಡಿಮೆ ವರ್ಧನೆಯಲ್ಲಿಯೇ ಹೊಳೆಯುತ್ತವೆ, ಆದ್ದರಿಂದ ಒಂದೇ ನೋಟದಲ್ಲಿ ಹೆಚ್ಚು ಜಾಗ ಸಿಗುತ್ತದೆ. ಆದರೆ ನೋಡದಿರುವಾಗ ಶಟರ್ ಮುಚ್ಚದಿದ್ದರೆ ಹೊಳಪು ಮಾಸುತ್ತದೆ. ವೈರಸ್‌ಗಳ ರಚನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು, ಆದರೆ ಅದರ ನಿರ್ವಾತದೊಳಗೆ ಚಲಿಸುವ ಜೀವಕೋಶವನ್ನು ನೋಡುವ ಆಸೆ ಇಟ್ಟುಕೊಳ್ಳುವಂತಿಲ್ಲ.

ಈಗ ಹೊಸಬರು ಬಂದಾಗ ನಾನು ಅವರಿಗೆ ಮೊದಲು ಕೊಡುವುದು ಕೆನ್ನೆಯ ಒಳಭಾಗದಿಂದ ಕೆರೆದ, ಬಣ್ಣ ಹಾಕದ ಕೋಶಗಳ ಸ್ಲೈಡನ್ನು. ಆಬ್ಜೆಕ್ಟಿವನ್ನು ಬದಲಿಸದೆ, ಐರಿಸನ್ನು ಪೂರ್ತಿ ತೆರೆದು ಒಮ್ಮೆ, ಅರ್ಧ ಮುಚ್ಚಿ ಒಮ್ಮೆ, ತೀರಾ ಕಿರಿದುಮಾಡಿ ಒಮ್ಮೆ, ಒಂದೇ ಕೋಶವನ್ನು ಮೂರು ಸಲ ಬರೆಯಲು ಹೇಳುತ್ತೇನೆ. ಮೂರನೆಯ ಚಿತ್ರದಲ್ಲಿ ಕೋಶದ ಸುತ್ತ ಅವರು ಬರೆದ ದಪ್ಪ ಗೆರೆ ಸ್ಲೈಡಿನಲ್ಲಿ ನಿಜವಾಗಿ ಇದೆಯೇ ಎಂದು ಕೇಳಿ, ಐರಿಸನ್ನು ಅವರ ಕೈಯಿಂದಲೇ ಮತ್ತೆ ತೆರೆಸುತ್ತೇನೆ.