ಅಷ್ಟು ದೂರ ಹುಟ್ಟು ಹಾಕಿದರೆ ತೋಳು ನೋಯಲ್ವಾ?

ಕೆನೂ, ಅಂದರೆ ಹುಟ್ಟು ಹಾಕುವ ಕಿರುದೋಣಿಯ ರೇಸಿಗೆ ಹೋಗುತ್ತೇನೆ ಅಂದರೆ ಊರಿನವರೂ ಆಫೀಸಿನವರೂ ಮೊದಲು ಕೇಳುವುದು ಇದನ್ನೇ. ಕೇಳುವುದು ಸಹಜ. ಅಮೆರಿಕದ ಮಿಸ್ಸೂರಿ ನದಿಯಲ್ಲಿ 2006ರಿಂದ ನಡೆಯುತ್ತಿರುವ ಎಂಆರ್ 340 ರೇಸಿನ ದೂರ 340 ಮೈಲಿ, ಅಂದರೆ ಸುಮಾರು 547 ಕಿಲೋಮೀಟರ್. ಕಾನ್ಸಾಸ್ ನದಿ ಬಂದು ಮಿಸ್ಸೂರಿಗೆ ಸೇರುವ ಕಾ ಪಾಯಿಂಟ್‌ನಲ್ಲಿ ಹೊರಟು, ಇಡೀ ಮಿಸ್ಸೂರಿ ರಾಜ್ಯ ದಾಟಿ ಸೇಂಟ್ ಚಾರ್ಲ್ಸ್ ಮುಟ್ಟಬೇಕು. ಗಡುವು 85 ಗಂಟೆ. ನಿಮಿಷಕ್ಕೆ 60 ಸಲ ಹುಟ್ಟು ಹಾಕಿದರೆ ಗಂಟೆಗೆ 3,600 ಸಲ ಆಯಿತು.

ಆದರೂ ತೋಳು ಅಷ್ಟೇನೂ ನೋಯುವುದಿಲ್ಲ. ಅದಕ್ಕೆ ಅಲ್ಲಿ ಹೆಚ್ಚು ಕೆಲಸವೇ ಇಲ್ಲ. ಸೊಂಟದಿಂದ ಮೇಲೆ ಮೈ ತಿರುಗಿಸಿ, ಹುಟ್ಟಿನ ಅಲಗನ್ನು ಪಾದದ ಹತ್ತಿರ ಪೂರ್ತಿ ನೀರಿಗಿಳಿಸಬೇಕು. ತಿರುಗಿದ ಮೈ ನೆಟ್ಟಗಾಗುವಾಗ ದೋಣಿ ತಾನೇ ಮುಂದೆ ಹೋಗುತ್ತದೆ. ಅಲಗು ಸೊಂಟದ ಸಮಕ್ಕೆ ಬಂದ ಕೂಡಲೇ ಎತ್ತಿಬಿಡಬೇಕು, ಇನ್ನೂ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆತ್ತಿದಂತೆ, ಬರೀ ದಂಡ. ನಮ್ಮದು ಇಬ್ಬರ ದೋಣಿ. ಏಳೆಂಟು ಸಲ ಆದ ಮೇಲೆ ಒಬ್ಬರು ‘ಹಟ್’ ಅನ್ನುತ್ತಾರೆ, ಇಬ್ಬರೂ ಒಟ್ಟಿಗೆ ಬದಿ ಬದಲಾಯಿಸುತ್ತೇವೆ. ಎಡಬಲ ಸಮನಾಗಿ ದುಡಿಯುತ್ತವೆ, ದೋಣಿಯೂ ನೇರ ಹೋಗುತ್ತದೆ.

ನೋಯುವುದು ಚರ್ಮ. ಹೆಬ್ಬೆರಳಿನ ಬುಡ, ಕೂತ ಜಾಗ, ಲೈಫ್ ಜಾಕೆಟ್ ಉಜ್ಜುವ ಕಂಕುಳು. ಮಿಸ್ಸೂರಿಯ ನೀರಿನಲ್ಲಿ ಸಣ್ಣ ಮರಳಿರುತ್ತದೆ. ಒದ್ದೆ ಚರ್ಮದ ಮೇಲೆ ಅದು ಗಂಟೆಗಟ್ಟಲೆ ಉಜ್ಜಿದರೆ ಸುಲಿದೇ ಬಿಡುತ್ತದೆ. ಬೊಬ್ಬೆ ಎದ್ದ ಮೇಲೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ಉರಿ ಶುರುವಾದಾಗಲೇ ಒರೆಸಿ ಸುತ್ತಬೇಕು.

ನಿಜವಾಗಿ ರೇಸು ಕೈಬಿಟ್ಟು ಹೋಗುವುದು ದಡದಲ್ಲಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಲೆಕ್ಕ ಹಾಕಿ ನೋಡಿ. ಹರಿವಿನ ಸಹಾಯದಿಂದ ಇಬ್ಬರ ದೋಣಿ ಗಂಟೆಗೆ ಒಂಬತ್ತು ಕಿಲೋಮೀಟರ್ ಹೋದರೂ 61 ಗಂಟೆಯಲ್ಲಿ ದೂರ ಮುಗಿಯುತ್ತದೆ. ಉಳಿದ 24 ಗಂಟೆಯಲ್ಲೇ ನಿದ್ದೆ, ಊಟ, ಬಟ್ಟೆ ಬದಲಾಯಿಸುವುದು ಎಲ್ಲ. ವೇವರ್ಲಿ, ಗ್ಲಾಸ್ಗೋ, ಜೆಫರ್ಸನ್ ಸಿಟಿ, ಹರ್ಮನ್ ಹೀಗೆ ಒಂದೊಂದು ಊರಿನಲ್ಲೂ ನೆರಳು ಕಾಣುತ್ತದೆ, ಕುರ್ಚಿ ಕಾಣುತ್ತದೆ. ಹತ್ತು ಕಡೆ ನಲವತ್ತು ನಲವತ್ತು ನಿಮಿಷ ಕೂತರೆ ಹೆಚ್ಚುಕಡಿಮೆ ಏಳು ಗಂಟೆ ಹೋಯಿತು! ಅಷ್ಟು ಹೊತ್ತನ್ನು ತೋಳ್ಬಲದಿಂದ ವಾಪಸ್ ಗಳಿಸಲು ಸಾಧ್ಯವೇ ಇಲ್ಲ. ಗಡುವಿನ ವೇಗದಲ್ಲೇ ಹಿಂದಿನಿಂದ ಬರುವ ಸುರಕ್ಷಾ ದೋಣಿಗೆ ‘ರೀಪರ್’ ಅಂತ ಹೆಸರು, ಅಂದರೆ ಯಮ. ಅದಕ್ಕಿಂತ ಹಿಂದೆ ಬಿದ್ದರೆ ರೇಸಿನಿಂದ ಹೊರಗೆ.

ಹಾಗಾಗಿ ನಮ್ಮ ತಯಾರಿಯಲ್ಲಿ ಬಹುಪಾಲು ದೋಣಿ ನಿಲ್ಲಿಸದಿರುವುದರ ಅಭ್ಯಾಸ. ಕೂತಲ್ಲೇ ತಿನ್ನುವುದು, ಕುಡಿಯುವುದು, ಒಬ್ಬರು ಟೇಪ್ ಸುತ್ತಿಕೊಳ್ಳುವಾಗ ಇನ್ನೊಬ್ಬರು ಹುಟ್ಟು ಬಿಡದಿರುವುದು. ಬೇಸಿಗೆಯ ರೇಸಾದ್ದರಿಂದ ಮಧ್ಯಾಹ್ನದ ಬಿಸಿಲಿಗೆ ಸಿಹಿ ಪಾನೀಯಗಳು ಹೊಟ್ಟೆ ತೊಳಸುತ್ತವೆ. ನನಗೆ ಹಿಡಿಸುವುದು ತೆಳ್ಳಗೆ ಕಲಸಿದ ಮೊಸರನ್ನ, ಉಪ್ಪು ಒಂದು ಕೈ ಮುಂದೆ, ಐಸ್ ಪೆಟ್ಟಿಗೆಯಲ್ಲಿಟ್ಟದ್ದು. ದಡದಲ್ಲಿ ಕಾರಿನ ಜೊತೆ ಕಾಯುವ ನನ್ನ ತಮ್ಮ ಡಬ್ಬಿ, ನೀರು, ಬ್ಯಾಟರಿ ಕೊಟ್ಟು ಖಾಲಿ ಬಾಟಲಿ ಇಸಿದುಕೊಂಡು ‘ನಡಿ ಅಕ್ಕ, ಕೂರಬೇಡ’ ಅನ್ನುತ್ತಾನೆ. ಒಳ್ಳೆಯ ದಡದ ಆಳು ಸಿಕ್ಕರೆ ಅರ್ಧ ರೇಸು ಗೆದ್ದಂತೆ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ರಾತ್ರಿಗೆ ಬೇರೆಯೇ ತಯಾರಿ ಬೇಕು. ಹರಿವನ್ನು ನಡುವಿಗೆ ಒತ್ತಲು ದಡದಿಂದ ನದಿಯೊಳಕ್ಕೆ ಕಲ್ಲಿನ ಅಡ್ಡಗಟ್ಟೆಗಳನ್ನು ಹಾಕಿದ್ದಾರೆ. ಕೆಳಮುಖವಾಗಿ ಹೋಗುವಾಗ ಕೆಂಪು ಬೋಯೆ (ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತು) ಎಡಕ್ಕೆ, ಹಸಿರು ಬಲಕ್ಕೆ ಇದ್ದರೆ ದಾರಿ ಸರಿ. ಕತ್ತಲಲ್ಲಿ ಬಣ್ಣ ಕಾಣುವ ಮುಂಚೆ ಸದ್ದು ಕೇಳುತ್ತದೆ: ಬೋಯೆಗೆ ಬಡಿಯುವ ನೀರಿನದು ಒಂದು ಕಡೆ ನಿಂತ ಭೋರ್ಗರೆತ, ಕಲ್ಲಿನ ಮೇಲಿನದು ಉದ್ದಕ್ಕೂ ಹರಡಿದ್ದು. ಈ ಎರಡರ ವ್ಯತ್ಯಾಸ ಹಗಲಲ್ಲಿ ಕಲಿಯಲಾಗದು. ಮಂಜು ಕವಿದರಂತೂ ದಡ ಹಿಡಿಯುವುದೇ ಸರಿ. ಸರಕು ಸಾಗಿಸುವ ದೊಡ್ಡ ಬಾರ್ಜ್ ಓಡಾಡುವ ನದಿ ಅದು.

‘ನಾನೂ ಬರಬಹುದಾ?’ ಅಂತ ಆಮೇಲೆ ಕೇಳುವವರೂ ಇದ್ದಾರೆ. ಖಂಡಿತ ಬನ್ನಿ. ಆದರೆ ಮೊದಲ ಸಲ ಒಂಟಿ ದೋಣಿ ಬೇಡ. ಬೆಳಗಿನ ಜಾವ ಮೂರು ಗಂಟೆಗೆ ಒಬ್ಬರು ತೂಕಡಿಸಿದರೆ ಇನ್ನೊಬ್ಬರಾದರೂ ಬೋಯೆ ನೋಡುತ್ತಿರಬೇಕು.