ಎಂಟು ದಿನದ ಸರ್ಕಾರ

ಮೆಕ್ಸಿಕೋದ ಬೆಟ್ಟದೂರು ಒವೆಂತಿಕ್‌ನ ಮರದ ಕೊಠಡಿಯಲ್ಲಿ ಮೊದಲ ದಿನ ಮೇಜಿನಾಚೆ ಐವರು ಕೂತಿದ್ದರು, ಮೂವರು ಗಂಡಸರು, ಇಬ್ಬರು ಹೆಂಗಸರು. ಎಲ್ಲರಿಗೂ ಕಪ್ಪು ಉಣ್ಣೆಯ ಮುಸುಕು, ಕಾಣುವುದು ಕಣ್ಣು ಮಾತ್ರ. ಹೆಸರೇನು, ಯಾವ ದೇಶ, ಏನು ಕಸುಬು, ಯಾವ ಸಂಘಟನೆ, ಏನು ಕೇಳಬೇಕಾಗಿದೆ ಎಂಬುದನ್ನೆಲ್ಲ ಗೆರೆಯ ನೋಟ್‌ಬುಕ್ಕಿನಲ್ಲಿ ನಿಧಾನವಾಗಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ನಾಳೆ ಬನ್ನಿ ಎಂದರು. ಮರುದಿನ ಹೋದಾಗ ಅದೇ ಮೇಜು, ಅದೇ ಬಗೆಯ ಮುಸುಕು. ಆದರೆ ಪ್ರಶ್ನೆಗಳು ಮತ್ತೆ ಮೊದಲಿನಿಂದ ಶುರುವಾದವು: ಹೆಸರೇನು, ಯಾವ ದೇಶ, ಏನು ಕಸುಬು. ರಾತ್ರಿ ಕಳೆಯುವಷ್ಟರಲ್ಲಿ ಸರ್ಕಾರ ಬದಲಾಗಿತ್ತು.

ಇದು 2018ರ ನವೆಂಬರ್‌ನ ಮಾತು. ಮೆಕ್ಸಿಕೋದ ದಕ್ಷಿಣಕ್ಕಿರುವ ಚಿಯಾಪಾಸ್ ರಾಜ್ಯದಲ್ಲಿ ಜಪಾತಿಸ್ತರು ಎಂಬ ಬಂಡಾಯಗಾರ ಮಾಯಾ ಮೂಲನಿವಾಸಿ ರೈತರು ಕಟ್ಟಿಕೊಂಡ ಆಡಳಿತವನ್ನು ನೋಡಲೆಂದೇ ಹೊರಟ ಪ್ರಯಾಣ. ದಾರಿಯ ಉಳಿದ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ತುಷ್ಟ್ಲಾ ಗುತಿಯೆರೆಸ್ ವಿಮಾನ ನಿಲ್ದಾಣದಿಂದ ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್ ಪಟ್ಟಣಕ್ಕೆ ಬಸ್ಸು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಹತ್ತುತ್ತದೆ. ಕೆಳಗೆ ಬೆವರು, ಮೇಲೆ ಸ್ವೆಟರ್. ಪಟ್ಟಣದ ಅಂಗಡಿಗಳ ತುಂಬ ಮುಸುಕು ತೊಟ್ಟ ಗೊಂಬೆಗಳು, ಅವರ ಸೈನ್ಯದ ವಕ್ತಾರ ಮಾರ್ಕೋಸ್ ಚಿತ್ರದ ಟೀ ಶರ್ಟುಗಳು. ಅವುಗಳಲ್ಲಿ ನಮಗೆ ಆಸಕ್ತಿ ಹುಟ್ಟಲಿಲ್ಲ. ಬಂಡಾಯದಲ್ಲಿ ನೋಡಬೇಕಾದದ್ದು ಮುಖವಲ್ಲ, ಲೆಕ್ಕದ ಪುಸ್ತಕ.

ಮೊದಲು ಒಂದು ಎಚ್ಚರಿಕೆ. ಪಟ್ಟಣದ ಒಂದು ಏಜೆನ್ಸಿ 'ಪ್ರವೇಶದ ಅನುಮತಿ ಪತ್ರ' ಎಂದು ಹೇಳಿ ಹಣ ಕಟ್ಟಿಸಿಕೊಂಡಿತು. ಗೇಟಿನಲ್ಲಿ ಆ ಕಾಗದವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಒಳಗೆ ಬಿಡುವ ಅಧಿಕಾರ ಗೇಟಿನಲ್ಲಿ ಕಾವಲಿದ್ದವರದ್ದು, ಮಾತುಕತೆಗೆ ಒಪ್ಪುವ ಅಧಿಕಾರ ಒಳಗಿನ ಆಡಳಿತ ಮಂಡಳಿಯದ್ದು. ಇವೆರಡೂ ಪಟ್ಟಣದಲ್ಲಿ ಮಾರಾಟಕ್ಕಿರಲಿಲ್ಲ. ಬೇಕಿದ್ದದ್ದು ಅಸಲು ಪಾಸ್‌ಪೋರ್ಟ್ (ನಕಲು ಸಾಲದು), ಸ್ಪ್ಯಾನಿಷ್‌ನಲ್ಲಿ ಬರೆದ ಪ್ರಶ್ನೆಗಳ ಒಂದು ಹಾಳೆ, ಮತ್ತು ಇಡೀ ದಿನದ ಬಿಡುವು. ಮಾರುಕಟ್ಟೆಯ ಬಳಿಯಿಂದ ಹೊರಡುವ ಹಂಚಿಕೆಯ ಟ್ಯಾಕ್ಸಿಯಲ್ಲಿ ಒವೆಂತಿಕ್‌ಗೆ ಸುಮಾರು ಒಂದು ತಾಸು. ಆಸನ ತುಂಬುವ ತನಕ ಗಾಡಿ ಬಿಡುತ್ತಿರಲಿಲ್ಲ. ಸಂಜೆ ಮಂಜು ಕವಿದ ಮೇಲೆ ವಾಪಸು ಗಾಡಿ ಸಿಗುವುದು ಕಷ್ಟವಿತ್ತು, ಆದ್ದರಿಂದ ಬೆಳಿಗ್ಗೆಯೇ ಹೊರಡಬೇಕಿತ್ತು. ಇನ್ನೊಂದು ಮಾತು: ಮೆಕ್ಸಿಕೋ ಸಂವಿಧಾನದ 33ನೇ ವಿಧಿಯ ಪ್ರಕಾರ ಅಲ್ಲಿನ ರಾಜಕಾರಣದಲ್ಲಿ ಕೈಹಾಕುವ ವಿದೇಶಿಯರನ್ನು ದೇಶದಿಂದ ಹೊರಹಾಕಬಹುದು. ತೊಂಬತ್ತರ ದಶಕದ ಕೊನೆಯಲ್ಲಿ ಚಿಯಾಪಾಸ್‌ನಿಂದ ಹಾಗೆ ಹೊರಬಿದ್ದವರಿದ್ದಾರೆ. ನೋಡಲು, ಕೇಳಲು ಹೋಗಬೇಕು. ಭಾಷಣ ಮಾಡಲು ಅಲ್ಲ.

ರಸ್ತೆಯ ಅಂಚಿನಲ್ಲಿ ಗೇಟು, ಪಕ್ಕದಲ್ಲಿ ಫಲಕ: ನೀವು ಜಪಾತಿಸ್ತರ ಬಂಡಾಯದ ನೆಲದಲ್ಲಿದ್ದೀರಿ, ಇಲ್ಲಿ ಜನ ಆಳುತ್ತಾರೆ, ಸರ್ಕಾರ ವಿಧೇಯವಾಗಿರುತ್ತದೆ. ಗೇಟಿನಿಂದ ಇಳಿಜಾರಿನ ಒಂದೇ ಬೀದಿ. ಇಕ್ಕೆಲದಲ್ಲಿ ಚಿತ್ರ ಬರೆದ ಮರದ ಮನೆಗಳು: ದವಾಖಾನೆ, ಹೆಂಗಸರ ಕಸೂತಿಯ ಸಹಕಾರಿ ಅಂಗಡಿ, ಮಂಡಳಿಯ ಕಚೇರಿ. ಕೆಳಗೆ ಬಾಸ್ಕೆಟ್‌ಬಾಲ್ ಅಂಗಳ, ಶಾಲೆ. ಗೋಡೆಯ ಚಿತ್ರಗಳ ಫೋಟೋ ತೆಗೆಯಬಹುದಿತ್ತು, ಕೇಳಿ ತೆಗೆಯಬೇಕಿತ್ತು. ಜನರ ಫೋಟೋ ಬೇಡವೇ ಬೇಡ.

ಇಂಥ ಜಾಗಕ್ಕೆ ಅವರು 'ಕಾರಾಕೋಲ್' ಎನ್ನುತ್ತಾರೆ, ಅಂದರೆ ಬಸವನಹುಳು, ಶಂಖ. ಹೊರಗಿನವರು ಒಳಬರುವ ಬಾಗಿಲೂ ಅದೇ, ಒಳಗಿನ ಮಾತು ಹೊರಹೋಗುವ ಬಾಗಿಲೂ ಅದೇ. 2003ರ ಆಗಸ್ಟ್‌ನಲ್ಲಿ ಇಂಥ ಐದನ್ನು ತೆರೆದರು: ಲಾ ರಿಯಾಲಿದಾದ್, ಒವೆಂತಿಕ್, ಲಾ ಗರುಚಾ, ಮೊರೆಲಿಯಾ, ರೊಬೆರ್ತೊ ಬಾರಿಯೊಸ್. ಪ್ರತಿಯೊಂದರಲ್ಲೂ ಒಂದು 'ಹುಂತಾ ದೆ ಬ್ವೆನ್ ಗೊಬಿಯೆರ್ನೊ', ಉತ್ತಮ ಆಡಳಿತ ಮಂಡಳಿ. ಅಧಿಕೃತ ಸರ್ಕಾರಕ್ಕೆ ಅಲ್ಲಿ 'ಕೆಟ್ಟ ಸರ್ಕಾರ' ಎಂದೇ ಹೆಸರು.

ಮಂಡಳಿ ಯಾಕೆ ಬೇಕಾಯಿತು ಎಂಬುದೇ ಈ ಇಡೀ ಕಥೆಯ ತಿರುಳು. ಅಮೆರಿಕ, ಕೆನಡಾ ಜೊತೆಗಿನ ನಾಫ್ತಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ 1994ರ ಜನವರಿ 1ರಂದೇ ಈ ಮಾಯಾ ರೈತರು ಬಂದೂಕು ಹಿಡಿದು ಪಟ್ಟಣಗಳಿಗೆ ನುಗ್ಗಿದರು. ಕಾಳಗ ಹನ್ನೆರಡು ದಿನ ನಡೆಯಿತು. 1996ರಲ್ಲಿ ಸಾನ್ ಆಂದ್ರೆಸ್‌ನಲ್ಲಿ ಸರ್ಕಾರದೊಡನೆ ಸ್ವಾಯತ್ತೆಯ ಒಪ್ಪಂದವಾಯಿತು. ಆದರೆ 2001ರಲ್ಲಿ ಸಂಸತ್ತು ಅದರ ಸತ್ವ ತೆಗೆದು ಕಾನೂನು ಮಾಡಿತು. ಇನ್ನು ಯಾರನ್ನೂ ಕೇಳುವುದಿಲ್ಲ, ಒಪ್ಪಂದವನ್ನು ನಾವೇ ಜಾರಿ ಮಾಡುತ್ತೇವೆ ಎಂದು ಜಪಾತಿಸ್ತರು ನಿರ್ಧರಿಸಿದರು. ಅಷ್ಟರಲ್ಲಿ ಅವರೊಳಗೇ ಒಂದು ತೊಡಕು ಎದ್ದಿತ್ತು. ಅವರ ಸೈನ್ಯವಾದ ಇಝೆಡ್‌ಎಲ್‌ಎನ್‌ನಲ್ಲಿ (ಜಪಾತಿಸ್ತ ರಾಷ್ಟ್ರೀಯ ವಿಮೋಚನಾ ಸೈನ್ಯ) ಎಲ್ಲ ಸೈನ್ಯಗಳಂತೆ ಆಜ್ಞೆ ಮೇಲಿನಿಂದ ಬರುತ್ತದೆ. ಹಳ್ಳಿಯ ಸಭೆಯಲ್ಲಿ ತೀರ್ಮಾನ ಕೆಳಗಿನಿಂದ ಬರಬೇಕು. ಒಂದೇ ಮನೆಯಲ್ಲಿ ಈ ಎರಡೂ ಇದ್ದರೆ ಬಂದೂಕು ಹಿಡಿದವನ ಮಾತೇ ನಡೆಯುತ್ತದೆ. ಅದಕ್ಕೇ 2003ರಲ್ಲಿ ಕಟ್ಟುನಿಟ್ಟಿನ ನಿಯಮ ಮಾಡಿದರು. ಸೈನ್ಯದ ಅಧಿಕಾರದಲ್ಲಿರುವವರು ಮಂಡಳಿಯಲ್ಲಿ ಕೂರುವಂತಿಲ್ಲ. ಕೂರಬೇಕೆಂದರೆ ಸೈನ್ಯದ ಹುದ್ದೆ ಬಿಟ್ಟು ಬರಬೇಕು.

ಜಪಾತಿಸ್ತರು ತಮ್ಮನ್ನು ಅರಾಜಕತಾವಾದಿಗಳು ಎಂದು ಕರೆದುಕೊಳ್ಳುವುದಿಲ್ಲ. ಆದರೆ ಮೆಕ್ಸಿಕೋದ ಅರಾಜಕತಾವಾದಿ ರಿಕಾರ್ದೊ ಫ್ಲೋರೆಸ್ ಮಾಗೋನ್ ಹೆಸರನ್ನು ತಮ್ಮ ಒಂದು ಸ್ವಾಯತ್ತ ಪುರಸಭೆಗೆ ಇಟ್ಟವರು ಅವರೇ. ಸರ್ಕಾರದ ಚುಕ್ಕಾಣಿ ಹಿಡಿಯದೆಯೇ ಆಳಬಹುದು ಎಂಬ ಹಳೆಯ ಅರಾಜಕತಾವಾದಿ ಮಾತನ್ನು ಇಷ್ಟು ವರ್ಷ, ಇಷ್ಟು ಹಳ್ಳಿಗಳಲ್ಲಿ ನಡೆಸಿ ತೋರಿಸಿದವರು ವಿರಳ. ಆ ಮಾತು ನಮ್ಮ ಕಡೆಗೂ ತಲುಪಿತ್ತು. 1996ರಲ್ಲಿ ಜಪಾತಿಸ್ತರು ಕರೆದ ಅಂತರಖಂಡೀಯ ಸಮಾವೇಶದ ಬೀಜದಿಂದಲೇ 1998ರಲ್ಲಿ ಜಿನೀವಾದಲ್ಲಿ 'ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್' ಎಂಬ ಜಾಗತೀಕರಣ ವಿರೋಧಿ ಚಳವಳಿಗಳ ಜಾಲ ಹುಟ್ಟಿತು. ಅದರ ಎರಡನೇ ಸಮ್ಮೇಳನ ನಡೆದದ್ದು 1999ರಲ್ಲಿ, ಬೆಂಗಳೂರಿನಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವೇ ಆತಿಥೇಯ. ಹಸಿರು ಶಾಲಿನವರ ಈ ನಂಟು ಕರ್ನಾಟಕದಲ್ಲೇ ಮರೆತುಹೋಗುತ್ತಿರುವುದು ಬೇಸರದ ಸಂಗತಿ.

ಆಗಿನ ಆಡಳಿತದ ಮೂರು ಮಜಲು ಹೀಗಿದ್ದವು. ಹಳ್ಳಿಯ ಸಭೆ ತನ್ನ ಪ್ರತಿನಿಧಿಗಳನ್ನು ಆರಿಸುತ್ತಿತ್ತು. ಹಲವು ಹಳ್ಳಿ ಸೇರಿ ಒಂದು ಸ್ವಾಯತ್ತ ಪುರಸಭೆ. ಹಲವು ಪುರಸಭೆಗಳ ಪರಿಷತ್ತುಗಳಿಂದ ಒಬ್ಬಿಬ್ಬರಂತೆ ಬಂದವರು ಮಂಡಳಿ. ಸಂಬಳ ಇರಲಿಲ್ಲ. ಮಂಡಳಿಗೆ ಬಂದವರ ಜೋಳದ ಹೊಲವನ್ನು ಅಷ್ಟು ದಿನ ಊರವರು ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳದ ಊರಿನಿಂದ ಬಂದವರ ಪಾಡು ಕಷ್ಟವಾಗುತ್ತಿತ್ತು. ಅವಧಿ ಮೂರು ವರ್ಷ, ಆದರೆ ಒಬ್ಬರೇ ಮೂರು ವರ್ಷ ಕೂರುತ್ತಿರಲಿಲ್ಲ. ಸರದಿಯ ಮೇಲೆ ಬಂದು ಹೋಗುತ್ತಿದ್ದರು. ಒವೆಂತಿಕ್‌ನಲ್ಲಿ ಒಂದು ಸರದಿ ಎಂಟು ದಿನ, ಬೇರೆ ಕಾರಾಕೋಲ್‌ಗಳಲ್ಲಿ ಇನ್ನೂ ಕೆಲವು ದಿನ ಹೆಚ್ಚು. ಯಾರ ಮಾತು ಬೇಡವಾಯಿತೋ ಅವರನ್ನು ಅವಧಿ ಮುಗಿಯುವ ಮೊದಲೇ ಸಭೆ ವಾಪಸು ಕರೆಸಬಹುದಿತ್ತು.

ಹೊಸ ಸರದಿಯವರೊಡನೆ ಆದ ಮಾತು ಬಹುತೇಕ ಈ ಸರದಿಯ ಸುತ್ತಲೇ ಸುತ್ತಿತು. ಅವರು ಉತ್ತರಿಸುವ ರೀತಿಯೇ ಬೇರೆ. ಪ್ರಶ್ನೆ ಕೇಳಿ, ತಮ್ಮತಮ್ಮಲ್ಲಿ ಅಲ್ಲಿನ ಮಾಯಾ ನುಡಿಯಾದ ಸೋತ್ಸಿಲ್ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಹತ್ತು ನಿಮಿಷವಾದರೂ ಸರಿ, ಎಲ್ಲರೂ ಒಂದು ಮಾತಿಗೆ ಬಂದ ಮೇಲೆ ಒಬ್ಬರು ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ. 'ನಾನು' ಎಂಬ ಮಾತೇ ಬರಲಿಲ್ಲ.

ಎಂಟು ದಿನಕ್ಕೊಮ್ಮೆ ಬದಲಾದರೆ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲವೇ?

ನಿಲ್ಲುತ್ತದೆ, ಎಂದರು. ನಿನ್ನೆ ನಿಮ್ಮದೇ ನಿಂತಿತಲ್ಲ. ಹೋಗುವವರು ನೋಟ್‌ಬುಕ್ಕನ್ನು ಬರುವವರಿಗೆ ಓದಿ ಹೇಳುತ್ತಾರೆ. ಬರೆಯದೆ ಬಿಟ್ಟದ್ದು ಕಳೆದಂತೆ. ಬೇಗ ಬರೆದರೆ ಓದಲಾಗುವುದಿಲ್ಲ, ಅದಕ್ಕೇ ನಿಧಾನ.

ಮತ್ತೆ ಯಾಕೆ ಹೀಗೆ?

ಈ ಸಲ ಸೋತ್ಸಿಲ್ ಚರ್ಚೆ ಉದ್ದವಾಯಿತು. ಉತ್ತರ ಕೊಟ್ಟದ್ದು ಕಿರಿಯ ಹೆಂಗಸು. ಒಬ್ಬರೇ ಕೂತರೆ ಒಬ್ಬರೇ ಕಲಿಯುತ್ತಾರೆ, ಉಳಿದವರು ಕೇಳುವವರಾಗಿ ಉಳಿಯುತ್ತಾರೆ. ನಮ್ಮನ್ನು ಹಣ ಕೊಟ್ಟು ಕೊಳ್ಳಬೇಕೆಂದರೆ ಎಲ್ಲ ಸರದಿಯವರನ್ನೂ ಕೊಳ್ಳಬೇಕು. ಅಷ್ಟು ಹಣ ಯಾರ ಹತ್ತಿರವೂ ಇಲ್ಲ.

ಈ ಉತ್ತರ ಎಷ್ಟು ಗಟ್ಟಿ ಎಂಬುದು ಮೊದಲ ವರ್ಷದ ಅನುಭವದಿಂದ ಗೊತ್ತಾಗುತ್ತದೆ. ಆಗ ಒಂದು ಸರದಿ ಒಪ್ಪಿದ್ದನ್ನು ಮುಂದಿನ ಸರದಿ ತಿರಸ್ಕರಿಸಿದ್ದುಂಟು, ನೆರವು ಹೊತ್ತು ಬಂದ ಸಂಸ್ಥೆಗಳು ಗೊಂದಲಕ್ಕೆ ಬಿದ್ದದ್ದುಂಟು. ಬೇಗ ಕೆಲಸ ಆಗಬೇಕೆಂದರೆ ಇದು ತಪ್ಪು ವ್ಯವಸ್ಥೆ. ಊರಿಗೆ ಊರೇ ಆಳುವುದನ್ನು ಕಲಿಯಬೇಕೆಂದರೆ ಇದಕ್ಕಿಂತ ಒಳ್ಳೆಯದು ನಮಗೆ ಕಂಡಿಲ್ಲ. ಸೈನ್ಯದ ವಕ್ತಾರ ಸುಬ್‌ಕೊಮಾಂಡಾಂಟೆ (ಉಪ ದಳಪತಿ) ಮಾರ್ಕೋಸ್ 2004ರಲ್ಲಿ ಎರಡು ದೋಷಗಳನ್ನು ಬಹಿರಂಗವಾಗಿ ಒಪ್ಪಿಕೊಂಡರು. ಸೈನ್ಯದವರು ನಾಗರಿಕ ಆಡಳಿತದ ವಿಷಯಗಳಲ್ಲಿ ಇನ್ನೂ ತಲೆಹಾಕುತ್ತಿರುವುದು ಒಂದು. ಆಡಳಿತದಲ್ಲಿ ಹೆಂಗಸರ ಸ್ಥಾನ ಇನ್ನೊಂದು: ಸ್ವಾಯತ್ತ ಪರಿಷತ್ತು, ಮಂಡಳಿಗಳಲ್ಲಿ ಅವರ ಪಾಲು ಸರಾಸರಿ ಶೇ. 1ಕ್ಕೂ ಕಡಿಮೆ ಇತ್ತು. 2018ರಲ್ಲಿ ನಮ್ಮೆದುರು ಆ ಉತ್ತರ ಕೊಟ್ಟದ್ದು ಒಬ್ಬ ಹೆಂಗಸು ಎಂಬುದನ್ನು ಅದಕ್ಕೇ ಇಲ್ಲಿ ಬರೆದಿಡಬೇಕೆನಿಸಿತು.

ಹಣದ ವಿಷಯ. ರಸ್ತೆಗೆ ಹತ್ತಿರದ ಊರಿಗೆ ನೆರವು ಹೆಚ್ಚು ಬರುತ್ತದೆ, ಕಾಡಿನೊಳಗಿನ ಊರಿಗೆ ಬರುವುದಿಲ್ಲ. ಈ ಏರುಪೇರು ಸರಿಮಾಡುವುದೂ ಮಂಡಳಿ ಹುಟ್ಟಿದ ಕಾರಣಗಳಲ್ಲಿ ಒಂದು. ಹೊರಗಿನವರ ಯೋಜನೆಯಲ್ಲಿ ಶೇ. 10ರಷ್ಟನ್ನು 'ಸೋದರ ತೆರಿಗೆ' ಎಂದು ತೆಗೆದು, ನೆರವು ಸಿಗದ ಊರಿಗೆ ಕೊಡುವುದೆಂದು ನಿಯಮ ಮಾಡಿದರು. ಯಾವ ಯೋಜನೆ, ಯಾವ ಊರಿಗೆ ಎಂಬುದನ್ನು ಕೊಡುವವರು ನಿರ್ಧರಿಸುವಂತಿರಲಿಲ್ಲ. ಅದಕ್ಕೆ ಮುಂಚಿನ ದಾನ ಹೇಗಿತ್ತು ಎಂಬುದಕ್ಕೆ ಮಾರ್ಕೋಸ್ ಒಂದು ಉದಾಹರಣೆ ಕೊಟ್ಟಿದ್ದರು. ನೆರವಿನ ರಾಶಿಯಲ್ಲಿ ಬಂದ ಗುಲಾಬಿ ಬಣ್ಣದ ಎತ್ತರದ ಹಿಮ್ಮಡಿಯ ಒಂದು ಚಪ್ಪಲಿ, ಆರೂವರೆ ಅಳತೆ. ಅದರ ಜೋಡಿ ಇರಲಿಲ್ಲ. ಕೆಸರಿನ ಬೆಟ್ಟದ ಜನರಿಗೆ ಬಂದ ಆ ಕೊಡುಗೆಯ ಅವಮಾನವನ್ನು ಅವರು ಚೀಲದಲ್ಲಿಟ್ಟುಕೊಂಡೇ ತಿರುಗಿದರು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಜಪಾತಿಸ್ತರಲ್ಲ. ಅಕ್ಕಪಕ್ಕದ ಊರುಗಳಲ್ಲಿ ಸರ್ಕಾರಿ ಪಕ್ಷಗಳ ಜೊತೆಗಿರುವವರೂ ಗಡಿಜಗಳ, ಸಾಲದ ತಕರಾರು ತೆಗೆದುಕೊಂಡು ಇಲ್ಲಿಗೇ ಬರುತ್ತಿದ್ದರು. ಕಾರಣ ಸರಳ: ಮಂಡಳಿಯವರು ದುಡ್ಡು ಕೇಳುತ್ತಿರಲಿಲ್ಲ, ಬಂದವರ ಭಾಷೆಯಲ್ಲೇ ಕೇಳಿಸಿಕೊಳ್ಳುತ್ತಿದ್ದರು. ತಪ್ಪು ಮಾಡಿದವನನ್ನು ಕೂಡಿಹಾಕುವುದಕ್ಕಿಂತ ನಷ್ಟ ತುಂಬಿಕೊಡುವಂತೆ, ಊರಿನ ಕೆಲಸ ಮಾಡುವಂತೆ ಹೇಳುವುದೇ ಹೆಚ್ಚಾಗಿತ್ತು.

ಸಂಜೆ ಹಳೆಯ ಸರದಿಯವರು ಟ್ರಕ್ಕು ಹತ್ತುತ್ತಿದ್ದರು. ಮುಸುಕು ತೆಗೆದು ಜೇಬಿಗಿಟ್ಟಿದ್ದರು, ಬಗಲಲ್ಲಿ ಬಟ್ಟೆಯ ಗಂಟು. ಹಿಂದಿನ ದಿನ ನಮ್ಮ ಹೆಸರು ಬರೆದುಕೊಂಡವರು ಯಾರು ಎಂದು ಗುರುತು ಹಿಡಿಯಲಾಗಲಿಲ್ಲ.

ಈಗ ಹೊರಡುವವರಿಗೆ ಗೊತ್ತಿರಬೇಕಾದದ್ದು: ಆ ಮೇಜು ಈಗಿಲ್ಲ. 2019ರಲ್ಲಿ ಕಾರಾಕೋಲ್‌ಗಳು ಹನ್ನೆರಡಾದವು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಬಾಗಿಲು ಹಾಕಿದವು. 2023ರ ನವೆಂಬರ್‌ನಲ್ಲಿ ಸ್ವಾಯತ್ತ ಪುರಸಭೆ, ಮಂಡಳಿ ಎರಡನ್ನೂ ತಾವೇ ರದ್ದು ಮಾಡಿರುವುದಾಗಿ ಪ್ರಕಟಿಸಿದರು. ಸುಬ್‌ಕೊಮಾಂಡಾಂಟೆ ಮೊಯಿಸೆಸ್ ಕೊಟ್ಟ ಕಾರಣ: ಅದು ಪಿರಮಿಡ್ಡಿನಂತಾಗಿತ್ತು, ಊರಿನ ಮಾತು ಮೇಲಕ್ಕೆ ಸರಿಯಾಗಿ ಹೋಗುತ್ತಿರಲಿಲ್ಲ, ಮೇಲಿನ ಸುದ್ದಿ ಊರಿಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ಈಗ ಬುಡವೇ ಸ್ಥಳೀಯ ಸ್ವಾಯತ್ತ ಸರ್ಕಾರ, ಊರಿಗೊಂದರಂತೆ ಸಾವಿರಾರು. ಬೇಕಾದಾಗ ಅವು ಕೂಡಿ ಪ್ರದೇಶದ ಒಕ್ಕೂಟ ಮಾಡಿಕೊಳ್ಳುತ್ತವೆ, ಅದರ ಮೇಲೆ ವಲಯದ ಸಭೆ. ತೀರ್ಮಾನದ ಹಕ್ಕು ಊರಿನದ್ದೇ. ಇಪ್ಪತ್ತು ವರ್ಷ ಕಟ್ಟಿದ್ದನ್ನು ದೋಷ ಕಂಡಿತೆಂದು ತಾವೇ ಬಿಚ್ಚಿದ ಸರ್ಕಾರ ಇನ್ನೊಂದು ನೆನಪಿಗೆ ಬರುತ್ತಿಲ್ಲ.

ಹಾಗಾಗಿ ಟ್ಯಾಕ್ಸಿ ಹತ್ತಿ ಗೇಟು ತಟ್ಟಿದರೆ ಪ್ರಯೋಜನವಿಲ್ಲ. ಹೊರಗಿನವರನ್ನು ಕರೆಯುವ ಸಮಾವೇಶಗಳಿಗೆ ಮುಂಚೆಯೇ ಹೆಸರು ಕೊಟ್ಟು ಹೋಗಬೇಕು. ಅವುಗಳಲ್ಲಿ ಹಲವು ಡಿಸೆಂಬರ್ ಕೊನೆಗೆ, ಜನವರಿ 1ರ ಬಂಡಾಯದ ವಾರ್ಷಿಕೋತ್ಸವದ ಆಸುಪಾಸಿನಲ್ಲಿ ನಡೆಯುತ್ತವೆ. ಕೆಲವು ಸಾನ್ ಕ್ರಿಸ್ತೋಬಲ್ ಅಂಚಿನ ಸಿದೇಸಿ ಎಂಬ ತರಬೇತಿ ಕೇಂದ್ರದ ಆವರಣದಲ್ಲೇ ಆಗುತ್ತವೆ. ಬೆಟ್ಟದ ಚಳಿಗೆ ದಪ್ಪ ಕಂಬಳಿ, ಕೆಸರಿಗೆ ರಬ್ಬರ್ ಬೂಟು, ಸ್ಪ್ಯಾನಿಷ್ ಬಲ್ಲ ಒಬ್ಬ ಜೊತೆಗಾರ ಬೇಕು. ಸೋತ್ಸಿಲ್‌ನಲ್ಲಿ ಒಂದು ಪದ ಕಲಿತು ಹೋಗಿ: 'ಕೊಲಾವಲ್', ಧನ್ಯವಾದ. ಮದ್ಯ ಒಯ್ಯಬೇಡಿ, ಜಪಾತಿಸ್ತರ ನೆಲದಲ್ಲಿ ಅದಕ್ಕೆ ಪೂರ್ತಿ ನಿಷೇಧ.